ಮುಳ್ಳು ನಡುವೆಯೇ ಇರಲಿ

ನಮ್ಮ ಮನೆಗೆ ಕಂಪ್ಯೂಟರ್ ಬಂದದ್ದು ಓದುವ ಹುಡುಗಿಗೆ ಅನುಕೂಲವಾಗಲಿ ಎಂದಲ್ಲ, ನಮ್ಮ ತಾತನ ಹೊಟ್ಟೆಕಿಚ್ಚಿನಿಂದ. ಹೊಳೆನರಸೀಪುರದ ಕೋಟೆಯೊಳಗೆ ಜಾತಕ ಬರೆಯುವುದರಲ್ಲಿ ತಾತ ಎತ್ತಿದ ಕೈ. ಹಾಸನ, ಅರಕಲಗೂಡು, ರಾಮನಾಥಪುರದಿಂದ ಜನ ಬಸ್ಸು ಹತ್ತಿ ಬಂದು ನಮ್ಮ ಜಗಲಿಯ ಮೇಲೆ ಸರದಿಗಾಗಿ ಕಾಯುತ್ತಿದ್ದರು. ಇಂಟರ್ನೆಟ್ ನೋಡಬೇಕೆಂದರೆ ಹಾಸನಕ್ಕೆ ಹೋಗಬೇಕಿದ್ದ ಕಾಲ ಅದು. ಚನ್ನರಾಯಪಟ್ಟಣದ ಜೋಯಿಸರೊಬ್ಬರು ಆಗಲೇ ಕಂಪ್ಯೂಟರ್ ಇಟ್ಟುಕೊಂಡು, ಬಣ್ಣದ ಗಣಪತಿ ಇರುವ ರಟ್ಟಿನೊಳಗೆ ಪ್ರಿಂಟು ಹಾಕಿದ ಜಾತಕ ಕೊಡುತ್ತಾರಂತೆ ಎಂಬ ಸುದ್ದಿ ಬಂತು. ಬಾಗೂರಿನಿಂದ ತಲೆಮಾರುಗಳಿಂದ ನಮ್ಮಲ್ಲಿಗೇ ಬರುತ್ತಿದ್ದ ಮನೆಯವರು ಅತ್ತ ತಿರುಗಿಕೊಂಡರು. ತಾತ ಕೆಲವು ದಿನ ಗಂಟುಮುಖ ಹಾಕಿಕೊಂಡು ಓಡಾಡಿದರು. ಆಮೇಲೆ ಒಂದು ಬೆಳಿಗ್ಗೆ, ಹಾಸನದ ಕಚೇರಿಗೆ ಹೊರಟಿದ್ದ ನನ್ನ ಅಪ್ಪನನ್ನು ಬಾಗಿಲಲ್ಲೇ ತಡೆದರು.

“ಲೆಕ್ಕ ಬಾರದವನು ಗುಂಡಿ ಒತ್ತಿ ಜೋಯಿಸ ಆಗೋದಾದ್ರೆ, ಲೆಕ್ಕ ಬರೋ ನಾನು ಯಾಕೆ ಒತ್ತಬಾರದು? ತಾರೋ ಒಂದನ್ನ.”

ಅಪ್ಪ ತಂದರು. ನಡುಮನೆಗೂ ದೇವರ ಮನೆಗೂ ಮಧ್ಯೆ ಇದ್ದ ಕೋಣೆಯಲ್ಲಿ, ತಾತನ ವ್ಯಾಸಪೀಠ, ಪಂಚಾಂಗಗಳ ಕಟ್ಟು, ನಶ್ಯದ ಡಬ್ಬಿ ಇವುಗಳ ಪಕ್ಕಕ್ಕೆ ಒಂದು ಮೇಜು ಹಾಕಿ ಅದನ್ನು ಕೂರಿಸಲಾಯಿತು. ಅಜ್ಜಿ ಅದನ್ನು ನೋಡಿದ ಕೂಡಲೇ ಮೂಗು ಮುರಿದರು. ಪ್ಲಾಸ್ಟಿಕ್ಕಿಗೆ ಮಡಿ ಉಂಟೋ ಇಲ್ಲವೋ ಎಂಬ ವಿಷಯದಲ್ಲಿ ಮನೆಯಲ್ಲಿ ಒಂದು ವಾರ ಜಗಳವಾಯಿತು. ಕಂಪ್ಯೂಟರ್ ಮುಟ್ಟಿದವರು ಕೈಕಾಲು ತೊಳೆಯದೆ ಅಡುಗೆಮನೆ ಹೊಸ್ತಿಲು ದಾಟಕೂಡದು, ಅಜ್ಜಿ ಮಡಿಯಲ್ಲಿರುವಾಗ ಯಾರೂ ಅದನ್ನು ಮುಟ್ಟಿದ ಕೈಯಲ್ಲಿ ಅವರ ಸೆರಗಿಗೆ ತಾಗಕೂಡದು ಎಂಬಲ್ಲಿಗೆ ರಾಜಿಯಾಯಿತು. ಹಳೇ ಪರದೆ ಹರಿದು ಅದಕ್ಕೊಂದು ಮುಸುಕು ಹೊಲಿದವರೂ ಅಜ್ಜಿಯೇ. ಕೇಳಿದರೆ, ಧೂಳು ಕೂತರೆ ಒರೆಸೋಳು ನಾನೇ ತಾನೆ ಎಂದು ರೇಗುತ್ತಿದ್ದರು.

ತಾತನದು ಇನ್ನೊಂದು ಕಟ್ಟಳೆ. ರಾಹುಕಾಲದಲ್ಲಿ ಕಂಪ್ಯೂಟರ್ ಹಚ್ಚುವ ಹಾಗಿಲ್ಲ. ಭಾನುವಾರವಾದರೆ ಸಂಜೆ ನಾಲ್ಕೂವರೆಯಿಂದ ಆರು, ಗುರುವಾರವಾದರೆ ಮಧ್ಯಾಹ್ನ ಒಂದೂವರೆಯಿಂದ ಮೂರು, ಹೀಗೆ ದಿನಕ್ಕೊಂದು ಹೊತ್ತು. ನಾನು ಹೈಸ್ಕೂಲಿನಲ್ಲಿದ್ದೆ. ಪಾಠದ ಪದ್ಯ ಬಾಯಿಗೆ ಬರುತ್ತಿರಲಿಲ್ಲ, ಏಳು ದಿನದ ರಾಹುಕಾಲ ಮಾತ್ರ ನಿದ್ದೆಯಲ್ಲೂ ಹೇಳುತ್ತಿದ್ದೆ. ಏಕೆಂದರೆ ಆ ಕಟ್ಟಳೆಯಲ್ಲೇ ಒಂದು ಸಂದು ಇತ್ತು. ಒಂದು ದಿನ ನಾನು ಮೊದಲೇ ಹಚ್ಚಿಕೊಂಡು ಕೂತಿದ್ದೆ, ರಾಹುಕಾಲ ಬಂತು. ಅಜ್ಜಿ ಆರಿಸು ಎಂದು ಗದರಿದರು. ತಾತ ಉಯ್ಯಾಲೆಯಿಂದಲೇ ತೀರ್ಪು ಕೊಟ್ಟರು.

“ಶುರು ಮಾಡಬಾರದು ಅಷ್ಟೇ ಕಣೆ. ನಡೀತಾ ಇರೋದನ್ನ ನಿಲ್ಲಿಸಬೇಕಿಲ್ಲ.”

ಅಲ್ಲಿಂದ ಮುಂದೆ ನಾನು ರಾಹುಕಾಲಕ್ಕೆ ಹತ್ತು ನಿಮಿಷ ಇರುವಾಗಲೇ ಓಡಿಬಂದು ಗುಂಡಿ ಒತ್ತಿ ಕೂರುವುದನ್ನು ಕಲಿತೆ. ಅಷ್ಟೊಂದು ಆತುರ ಯಾಕೆಂದರೆ, ಜಾತಕದ ಸಿ.ಡಿ. ಹಾಕಲು ಹಾಸನದಿಂದ ಬಂದ ಅಂಗಡಿಯವರು, ಮಗು ಆಡಿಕೊಳ್ಳಲಿ ಎಂದು ಒಂದು ಆಟವನ್ನೂ ಹಾಕಿ ಹೋಗಿದ್ದರು. ಅದರ ಹೆಸರು ಹೇಳಿದರೆ ಈಗಿನವರಿಗೆ ಗೊತ್ತಾಗುವುದಿಲ್ಲ, ಆಗಿನವರಿಗೂ ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. ಹೊಗೆ ಕಾರುವ ರೈಲು, ಪಿಸ್ತೂಲು, ಕರೆಂಟು ದೀಪ ಎಲ್ಲ ಇರುವ ಒಂದು ದೇಶ. ಅದೇ ದೇಶದಲ್ಲಿ ಮಾತಿನಿಂದ ಬೀಗ ತೆಗೆಯುವವರು, ಕೈ ಸವರಿ ಗಾಯ ವಾಸಿ ಮಾಡುವವರೂ ಇದ್ದಾರೆ. ನಾವು ಒಬ್ಬ ಮನುಷ್ಯನನ್ನು ಮಾಡಿಕೊಂಡು ಅದರಲ್ಲಿ ಊರೂರು ಅಲೆಯಬೇಕು, ಕಲಿಯಬೇಕು, ಕೊನೆಗೆ ಬೆಟ್ಟದ ಮೇಲಿನ ಗೋಪುರವೊಂದನ್ನು ಹೊಕ್ಕು ಅಲ್ಲಿ ನಿಂತುಹೋದ ದೊಡ್ಡ ಗಡಿಯಾರವನ್ನು ನಡೆಸಬೇಕು. ತೆರೆಯ ಮೂಲೆಯಲ್ಲಿ ಒಂದು ತಕ್ಕಡಿ ಮುಳ್ಳು. ಒಂದು ತುದಿಯಲ್ಲಿ ದೀಪ, ಇನ್ನೊಂದು ತುದಿಯಲ್ಲಿ ಹಲ್ಲಿನ ಚಕ್ರ. ಮಂತ್ರ ಕಲಿತರೆ ಮುಳ್ಳು ದೀಪದ ಕಡೆ ವಾಲುತ್ತದೆ, ಆಗ ನಿಮ್ಮ ಕೈಯಲ್ಲಿ ಯಾವ ಯಂತ್ರವೂ ನಡೆಯುವುದಿಲ್ಲ. ಯಂತ್ರ ಕಲಿತರೆ ಚಕ್ರದ ಕಡೆ ವಾಲುತ್ತದೆ, ಆಗ ಎಂಥ ಮಂತ್ರವೂ ನಿಮಗೆ ನಾಟುವುದಿಲ್ಲ. ಎರಡರಲ್ಲಿ ಒಂದನ್ನು ಹಿಡಿ, ಬೇಗ ಬಲಿಷ್ಠನಾಗು ಎಂದು ಆಟವೇ ಮತ್ತೆ ಮತ್ತೆ ಬುದ್ಧಿ ಹೇಳುತ್ತಿತ್ತು. ನಾನು ಪಿಸ್ತೂಲಿನ ಕಡೆಯವಳು.

ನನ್ನ ಆಟಕ್ಕೆ ಜೊತೆಯಾದವಳು ಗಿರಿಜತ್ತೆ, ಅಪ್ಪನ ತಂಗಿ. ಮೂವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಕಾರಣ ಊರಿಗೆಲ್ಲ ಗೊತ್ತು: ಅತ್ತೆ ಹುಟ್ಟಿದ್ದು ಮೂಲಾ ನಕ್ಷತ್ರದಲ್ಲಿ. ಮೂಲಾದ ಹುಡುಗಿ ಮನೆಗೆ ಬಂದರೆ ಮಾವನಿಗೆ ಆಗುವುದಿಲ್ಲ ಎಂದು ಬಂದ ಗಂಡಿನವರೆಲ್ಲ ಕಾಫಿ ಕುಡಿದು ಎದ್ದು ಹೋಗುತ್ತಿದ್ದರು. ಹುಟ್ಟಿದ ಹೊತ್ತನ್ನು ಒಂದಿಷ್ಟು ಹಿಂದೆ ಮುಂದೆ ಮಾಡಿ ಬರೆದಿದ್ದರೆ ನಕ್ಷತ್ರ ಬದಲಾಗುತ್ತಿತ್ತು. ಎಷ್ಟೋ ಮನೆಗಳಲ್ಲಿ ಹಾಗೆ ಮಾಡುತ್ತಾರೆ. ಆದರೆ ನಮ್ಮ ತಾತ ಸ್ವಂತ ಮಗಳ ಜಾತಕವನ್ನೂ ಇದ್ದದ್ದು ಇದ್ದ ಹಾಗೆ ಬರೆದರು, ಬಂದವರಿಗೆಲ್ಲ ತಾವೇ ಓದಿಯೂ ಹೇಳಿದರು. ಅಜ್ಜಿ ಈ ಒಂದು ವಿಷಯಕ್ಕೆ ತಾತನ ಮೇಲೆ ಜೀವಮಾನವಿಡೀ ಸಿಟ್ಟು ಇಟ್ಟುಕೊಂಡಿದ್ದರು. ಅತ್ತೆ ಆ ಬಗ್ಗೆ ಮಾತೇ ಆಡುತ್ತಿರಲಿಲ್ಲ. ತಾತನ ಕಣ್ಣು ಮಂದವಾಗುತ್ತ ಬಂದ ಮೇಲೆ ಪಂಚಾಂಗ ಓದಿ ಹೇಳುತ್ತಿದ್ದವಳು ಅವಳು, ಗ್ರಹಗಳ ಲೆಕ್ಕ ಹಾಕುತ್ತಿದ್ದವಳೂ ಅವಳೇ. ಆದರೆ ಜಗಲಿಯಲ್ಲಿ ಕೂತವರಿಗೆ ಅವಳು ಕಾಫಿ ತಂದುಕೊಡುವ ಹೆಂಗಸು ಮಾತ್ರ.

ಒಂದು ಮಧ್ಯಾಹ್ನ ಅವಳು ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತ ನನ್ನ ಹಿಂದೆ ಬಂದು ಕೂತಳು. ನಾನು ಸತ್ತು ಸತ್ತು ಬೇಸತ್ತು ಹೊಸ ಮನುಷ್ಯನನ್ನು ಮಾಡುತ್ತಿದ್ದೆ. ಆ ಆಟದಲ್ಲಿ ಮೊದಲು ಹುಟ್ಟನ್ನು ಆರಿಸಬೇಕು. ಶ್ರೀಮಂತರ ಮನೆಯ ಹುಟ್ಟು, ಅನಾಥನ ಹುಟ್ಟು, ಅಪಶಕುನದ ಹುಟ್ಟು, ಹೀಗೆ ಉದ್ದಕ್ಕೂ ಬರೆದಿತ್ತು. ಒಂದೊಂದರಲ್ಲಿ ಒಂದು ಲಾಭ, ಒಂದು ನಷ್ಟ. ಇಂಗ್ಲಿಷಿನಲ್ಲಿದ್ದದ್ದನ್ನು ನಾನು ಕನ್ನಡದಲ್ಲಿ ಹೇಳಿದೆ. ಅತ್ತೆಯ ಕೈ ಅಕ್ಕಿಯಲ್ಲೇ ನಿಂತಿತು.

“ಅಂದ್ರೆ, ಯಾವ ಹುಟ್ಟು ಬೇಕು ಅಂತ ನಾವೇ ಹೇಳಬಹುದಾ?”

“ಹ್ಞೂಂ ಅತ್ತೆ. ಯಾವುದು ಬೇಕು ಹೇಳು.”

“ಆ ಅಪಶಕುನದ್ದು.”

“ಅಯ್ಯೋ, ಅದು ಬೇಡ. ಊರೊಳಗೆ ಯಾರೂ ಮಾತೇ ಆಡ್ಸಲ್ಲ.”

“ಅದು ಗೊತ್ತಿರೋ ದಾರಿ ಕಣೇ. ಅದರಲ್ಲಿ ಹೆಂಗೆ ನಡೀಬೇಕು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸರಿ, ಸರ್ಕೋ ಆ ಕಡೆ.”

ಮೊದಮೊದಲು ಮೌಸನ್ನು ಮೇಜಿನಿಂದ ಮೇಲಕ್ಕೆತ್ತಿ ಗಾಳಿಯಲ್ಲಿ ಆಡಿಸುತ್ತಿದ್ದಳು, ತೆರೆಯ ಮೇಲಿನ ಬಾಣ ಅಲುಗದಿದ್ದರೆ ನನಗೇ ಬಯ್ಯುತ್ತಿದ್ದಳು. ಆದರೆ ಅವಳದು ಉಡದ ಪಟ್ಟು. ಹದಿನೈದು ದಿನ ಕಳೆಯುವುದರೊಳಗೆ ತೆರೆಯ ಮೇಲೆ ತನಗೆ ಬೇಕಾದ ಕಡೆ ಸರಸರನೆ ಓಡಾಡುತ್ತಿದ್ದಳು. ತಾತ ಮಧ್ಯಾಹ್ನ ಮಲಗಿದ ಮೇಲೆ, ಅಜ್ಜಿ ಒಣಹಾಕಿದ ಹಪ್ಪಳ ಕಾಯುತ್ತ ಹಿತ್ತಲಲ್ಲಿ ಕೂತಿರುವಾಗ ನಮ್ಮಿಬ್ಬರ ರಾಜ್ಯ. ನಮ್ಮ ಮೊದಲ ಜಗಳ ನಡೆದದ್ದು ಆ ಮುಳ್ಳಿನ ಮೇಲೆ. ಅತ್ತೆ ಒಂದು ಮಂತ್ರ ಕಲಿತರೆ ಅದರ ಹಿಂದೆಯೇ ಒಂದು ಯಂತ್ರ ಕಲಿಯುತ್ತಿದ್ದಳು. ಮುಳ್ಳು ನಡುವೆಯೇ ನಿಲ್ಲಬೇಕು. ಮಂತ್ರವೂ ಅರ್ಧ ಸಲ ನಾಟುತ್ತಿತ್ತು, ಪಿಸ್ತೂಲೂ ಅರ್ಧ ಸಲ ಹಾರುತ್ತಿತ್ತು. ನನಗೆ ತಲೆ ಕೆಟ್ಟುಹೋಗುತ್ತಿತ್ತು.

“ಎರಡೂ ಕಲಿತರೆ ಎರಡೂ ಅರೆಬರೆ ಆಗುತ್ತೆ ಅತ್ತೆ! ಒಂದು ಕಡೆ ಹೋಗು.”

“ನಿಮ್ಮ ತಾತ ಯಾವ ಕಡೆ ಹೋದ್ರು? ಒಂದು ಕೈಲಿ ಪಂಚಾಂಗ, ಇನ್ನೊಂದು ಕೈಲಿ ಈ ಮೌಸಿನ ಬಾಲ ಹಿಡ್ಕೊಂಡಿಲ್ವಾ? ಮುಳ್ಳು ನಡುವೆಯೇ ಇರಲಿ, ಸುಮ್ನಿರು.”

ಆ ದೇಶದ ರೈಲಿನಲ್ಲಿ ಮಂತ್ರ ಬಲ್ಲವರನ್ನು ಹತ್ತಿಸುವುದಿಲ್ಲ, ಅವರು ಕೂತರೆ ಇಂಜಿನ್ ಕೆಡುತ್ತದೆ ಎಂಬ ಭಯ. ಮಂತ್ರದವರ ಗುರುಕುಲದ ಬಾಗಿಲಲ್ಲಿ ಯಂತ್ರ ಇಟ್ಟುಕೊಂಡವರನ್ನು ನಿಲ್ಲಿಸುತ್ತಾರೆ. ನಮ್ಮ ಅಪಶಕುನದವಳು ಎಲ್ಲೂ ಸಲ್ಲುತ್ತಿರಲಿಲ್ಲ. ಕೊನೆಗೆ ಸ್ಟೇಷನ್ನಿನವನೊಬ್ಬ, ಬೇಕಾದರೆ ಸಾಮಾನು ತುಂಬುವ ಕೊನೆ ಡಬ್ಬಿಯಲ್ಲಿ ಕೂತುಕೋ ಎಂದ. ನನಗೆ ಅವಮಾನವಾಯಿತು. ಅತ್ತೆ ಸರಕ್ಕನೆ ಹತ್ತಿಸಿಯೇ ಬಿಟ್ಟಳು.

“ಕೊನೆ ಡಬ್ಬಿ ಆದ್ರೇನು, ಊರು ಬಂದಾಗ ಅದೂ ಬರುತ್ತೆ ತಾನೆ?”

ಹೀಗೆ ಕುಂಟುತ್ತ ಕುಂಟುತ್ತ ಗೋಪುರದವರೆಗೆ ಬಂದೆವು. ಅಲ್ಲಿ ಎರಡು ಬಾಗಿಲು, ಒಂದರ ಮೇಲೆ ದೀಪ, ಒಂದರ ಮೇಲೆ ಚಕ್ರ. ಎರಡೂ ನಮಗೆ ತೆರೆಯಲಿಲ್ಲ. ನಡುವಿನವರಿಗೆ ಮೂರನೆಯದೊಂದು ಬಾಗಿಲು ಇದ್ದೇ ಇದೆ ಎಂದು ಅತ್ತೆ ಹಟ ಹಿಡಿದಳು. ಗೋಡೆಯ ಒಂದೊಂದು ಕಲ್ಲನ್ನೂ ಒತ್ತಿ ನೋಡುತ್ತ ದಿನಗಟ್ಟಲೆ ಕಳೆದೆವು.

ಆ ದಿನಗಳಲ್ಲೇ ಅರಕಲಗೂಡಿನ ಸಂಬಂಧ ಬಂತು. ಹೆಂಡತಿ ತೀರಿಕೊಂಡು ಇಬ್ಬರು ಮಕ್ಕಳಿದ್ದ ಮೇಷ್ಟ್ರು. ಅವರ ತಂದೆ ಎಂದೋ ಹೋಗಿದ್ದರು. ಅಜ್ಜಿಗೆ ಬೇಕಾದದ್ದು ಅದೇ.

“ಮಾವ ಇಲ್ಲದ ಮನೆ ಸಿಗೋದು ಅಂದ್ರೆ ಏನು ಸಾಮಾನ್ಯವಾ? ದೇವರು ಕಣ್ಣು ಬಿಟ್ಟ. ಮುಂದಿನ ವಾರ ತಾಂಬೂಲ ಬದಲಾಯಿಸೋಕೆ ಬರ್ತಾರಂತೆ.”

ಅಪ್ಪ ಒಪ್ಪಿದರು, ತಾತ ಹ್ಞೂಂ ಎಂದರು. ಅತ್ತೆ ಬೇಡ ಎಂದಳು. ಬೇಡ ಎನ್ನುವುದಕ್ಕೆ ಕಾರಣ ಕೇಳಿದರೆ, ಈ ಮನೆಯಲ್ಲಿ ಹೇಳಿ ಪ್ರಯೋಜನವಿಲ್ಲ ಎಂದು ಎದ್ದು ಬಂದಳು. ನನಗೆ ಮಾತ್ರ, ಕಂಪ್ಯೂಟರಿನ ಮುಂದೆ ಕೂತು, ತೆರೆ ನೋಡುತ್ತಲೇ ಹೇಳಿದಳು.

“ಮದುವೆ ಬಗ್ಗೆ ನಂಗೆ ಬೇಜಾರಿಲ್ಲ ಕಣೇ. ಆ ಮನುಷ್ಯನೂ ಒಳ್ಳೆಯವನೇ ಇರಬಹುದು. ಆದ್ರೆ ನಂಗೆ ಈ ಕುರ್ಚಿ ಬೇಕು. ಇದರಲ್ಲಿ ಕೂತು ಜಾತಕ ನೋಡಬೇಕು, ಬಂದವರಿಗೆ ನಾನೇ ಹೇಳಬೇಕು. ಇಷ್ಟು ವರ್ಷ ಬಾಗಿಲ ಹಿಂದೆ ನಿಂತು ಮಾಡಿದ್ದನ್ನ ಎದುರಿಗೆ ಕೂತು ಮಾಡಬೇಕು. ನಿಮ್ಮ ತಾತನ್ನ ಕೇಳಿದೆ. ಹೆಂಗಸು ಹೇಳಿದ ಜಾತಕ ಯಾರು ನಂಬ್ತಾರೆ ಅಂದ್ರು.”

ನನಗೆ ತಾತನ ಮೇಲೆ ಕೆಂಡದಂಥ ಕೋಪ ಬಂತು. ಆದರೆ ಅವರನ್ನು ಕೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗಿತ್ತು?

ಆ ವಾರವೇ ತಾತನಿಗೆ ಹಾಸನದಲ್ಲಿ ಕಣ್ಣಿನ ಆಪರೇಷನ್ ಆಯಿತು. ಕಣ್ಣಿಗೆ ಹಸಿರು ಬಟ್ಟೆ ಇಳಿಬಿಟ್ಟುಕೊಂಡು ಉಯ್ಯಾಲೆಯ ಮೇಲೆ ಕೂತಿರುತ್ತಿದ್ದರು. ಬಗ್ಗುವಂತಿಲ್ಲ, ಓದುವಂತಿಲ್ಲ. ಕಣ್ಣು ಬರುವ ತನಕ ಬಂದವರನ್ನೆಲ್ಲ ವಾಪಸ್ಸು ಕಳಿಸಿ ಎಂದು ಅಪ್ಪಣೆ ಮಾಡಿದ್ದರು. ಅರಕಲಗೂಡಿನವರು ಬರುವುದಕ್ಕೆ ಇನ್ನು ಎರಡು ದಿನ ಇತ್ತು. ಭಾನುವಾರ, ಸಂಜೆ ನಾಲ್ಕು ಗಂಟೆ ದಾಟಿತ್ತು. ರಾಮನಾಥಪುರದ ಆಚೆಯಿಂದ ಹೊಗೆಸೊಪ್ಪು ಬೆಳೆಯುವ ಗೌಡರೊಬ್ಬರು ಬೆವರು ಒರೆಸಿಕೊಳ್ಳುತ್ತ ಜಗಲಿ ಹತ್ತಿದರು.

“ನನ್ ಮಗ್ಳುದು ಜಾತ್ಕ ವಸಿ ಬರ್ದ್‌ಕೊಡ್ಬೇಕಿತ್ತು ಸಾಮಿ. ಗಂಡಿನ್ ಕಡೇರು ನಾಳೀಕೆ ಬತ್ತಾವ್ರೆ. ಜಾತ್ಕ ಇಲ್ದೆ ಮಾತೇ ಇಲ್ಲ ಅಂದ್ಬುಟ್ಟವ್ರೆ.”

“ಕಣ್ಣು ಕಟ್ಟಿದಾರೆ ಗೌಡ್ರೇ. ತಿಂಗಳು ಬಿಟ್ಟು ಬನ್ನಿ,” ಎಂದರು ತಾತ.

“ತಿಂಗ್ಳು ಬುಟ್ಟು ಬಂದ್ರೆ ಏನ್ ಬಂತು ಸಾಮಿ? ಸಂಬಂದ ಓಯ್ತದೆ.”

ಗೌಡರು ಹೋಗಲೂ ಆರದೆ ಕೂರಲೂ ಆರದೆ ನಿಂತಿದ್ದರು. ಅತ್ತೆ ಕಾಫಿ ತಂದವಳು ಲೋಟವನ್ನು ಅವರ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಒಳಗೆ ಬನ್ನಿ ಗೌಡ್ರೇ. ಮಗಳು ಹುಟ್ಟಿದ ದಿನ, ಹೊತ್ತು, ಊರು ಹೇಳಿ.”

ಉಯ್ಯಾಲೆ ನಿಂತಿತು. ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡು ಬಾಗಿಲಲ್ಲಿ ನಿಂತರು. ಅತ್ತೆ ಮುಸುಕು ತೆಗೆದು, ಗುಂಡಿ ಒತ್ತಿ, ತಾತನ ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಗೌಡರು ಮಣೆಯ ಮೇಲೆ ಕೂತು, ಜೇಬಿನಿಂದ ಮಡಿಸಿದ ಚೀಟಿ ತೆಗೆದು ಹೇಳುತ್ತಾ ಹೋದರು. ಅವಳು ಅಕ್ಷರ ಒತ್ತಿದಳು. ನಾನು ಪಕ್ಕದಲ್ಲೇ ನಿಂತಿದ್ದೆ. ತೆರೆಯ ಮೇಲೆ ಕುಂಡಲಿ ಬಿತ್ತು, ಅದರ ಕೆಳಗೆ ನಕ್ಷತ್ರದ ಹೆಸರು. ಮೂಲಾ. ಅತ್ತೆಯ ಬೆರಳು ಮೌಸಿನ ಮೇಲೆ ಹಾಗೇ ನಿಂತಿತು. ಹೊತ್ತಿನಲ್ಲಿ ಒಂದು ಅಂಕಿ ತಿದ್ದಿದ್ದರೆ ಸಾಕಿತ್ತು. ಕೇಳುವವರು ಯಾರೂ ಇರಲಿಲ್ಲ, ತಾತನಿಗೆ ಕಣ್ಣು ಕಾಣುತ್ತಿರಲಿಲ್ಲ, ಗೌಡರಿಗೆ ತೆರೆ ಓದಲು ಬರುತ್ತಿರಲಿಲ್ಲ. ಅದೇ ಹೊತ್ತಿಗೆ ಗೋಡೆಯ ಗಡಿಯಾರ ನಾಲ್ಕೂವರೆ ಹೊಡೆಯಿತು.

“ಗಿರಿಜಾ, ಏಳು ಅಲ್ಲಿಂದ,” ಎಂದು ತಾತನ ದನಿ ಬಂತು. “ರಾಹುಕಾಲ ಬಂತು.”

ಅತ್ತೆ ತಿರುಗಿಯೂ ನೋಡಲಿಲ್ಲ.

“ಶುರು ಮಾಡಿ ಆಗಿದೆ ಅಪ್ಪ. ನಡೀತಾ ಇರೋದನ್ನ ನಿಲ್ಲಿಸಬೇಕಿಲ್ಲ ಅಂತ ನೀವೇ ಹೇಳಿರೋದು.”

ತಾತನಿಗೆ ಯಾರಾದರೂ ಎದುರಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅವರು ಬಯ್ಯುತ್ತಾರೆ ಎಂದು ಕಾದೆ. ನಿಂತಿದ್ದ ಉಯ್ಯಾಲೆ ಮತ್ತೆ ಕಿರ್ರೆನ್ನತೊಡಗಿತು.

“ಯಾವ್ ನಕ್ಷತ್ರ ತಾಯಿ?” ಎಂದು ಗೌಡರು ಕೇಳಿದರು.

“ಮೂಲಾ.”

“ಅಯ್ಯೋ ಸಿವನೇ! ಅಂಗಾರೆ ಮಾವ ಇಲ್ದಿರೋ ಮನೇನೇ ಉಡುಕ್ಬೇಕಾ?”

“ಹುಡುಕಬೇಡಿ. ಮುಚ್ಚಿಡಲೂ ಬೇಡಿ. ನಾಳೆ ಬಂದವರಿಗೆ ಮೊದಲೇ ಹೇಳಿ. ಕೇಳಿ ಎದ್ದು ಹೋದ್ರೆ ಹೋಗಲಿ. ಕೇಳಿದ ಮೇಲೂ ಕೂತಿರೋರು ಮನುಷ್ಯರು, ಅವರಿಗೆ ಕೊಡಿ. ನಾನೂ ಮೂಲಾದಲ್ಲೇ ಹುಟ್ಟಿದವಳು ಗೌಡ್ರೇ. ಅದರಿಂದ ಯಾರಿಗೂ ಏನೂ ಆಗಲಿಲ್ಲ, ನನಗೊಬ್ಬಳಿಗೆ ಬಿಟ್ಟು.”

ಪ್ರಿಂಟರು ಕರಕರ ಎಂದು ಹಾಳೆ ಹೊರಗೆ ತಳ್ಳಿತು, ಅದಕ್ಕೆ ನಾಲ್ಕು ಮೂಲೆಗೂ ಅರಿಸಿನ ಹಚ್ಚಿ ಅವರ ಕೈಗೆ ಕೊಟ್ಟಳು. ಗೌಡರು ಚೀಲದಿಂದ ಎಲೆ ಅಡಿಕೆ, ತೆಂಗಿನಕಾಯಿ ತೆಗೆದು, ತಾತನ ವ್ಯಾಸಪೀಠದ ಮುಂದೆ ಇಡಲಿಲ್ಲ, ಕಂಪ್ಯೂಟರಿನ ಮೇಜಿನ ಮೇಲೆ ಅತ್ತೆಯ ಮುಂದೆ ಇಟ್ಟರು.

“ಇದ್ದಂಗೆ ಯೋಳ್ದ್ರಿ ಕಣವ್ವಾ, ನಾನೂ ಅಂಗೇ ಯೋಳ್ತೀನಿ. ಮೊಮ್ಮಗು ಆದ್ರೆ ಜಾತ್ಕಕ್ಕೆ ನಿಮ್ತಾವೇ ಬತ್ತೀನಿ.”

ಅವರು ಬೀದಿಗೆ ಇಳಿದ ಮೇಲೆ ತಾತ ನನ್ನನ್ನು ಕರೆದರು. ಹಸಿರು ಬಟ್ಟೆಯ ಕೆಳಗಿನ ಮುಖದಲ್ಲಿ ಸಿಟ್ಟಿದೆಯೋ ಇಲ್ಲವೋ ನನಗೆ ತಿಳಿಯಲಿಲ್ಲ.

“ಹೊತ್ತು ತಿದ್ದಲಿಲ್ಲ ತಾನೆ ಅವಳು?”

“ಇಲ್ಲ ತಾತ. ಕೈ ನಿಲ್ಲಿಸಿದ್ಲು, ಆದ್ರೆ ತಿದ್ದಲಿಲ್ಲ.”

ತಾತ ಒಂದು ಚಿಟಿಕೆ ನಶ್ಯಕ್ಕಾಗಿ ಕೈ ತಡಕಾಡಿದರು. ನಾನು ಡಬ್ಬಿ ತಂದುಕೊಟ್ಟೆ. ಏರಿಸಿ, ಸೀನಿ, ಮೂಗು ಒರೆಸಿಕೊಂಡು ಅಜ್ಜಿಯನ್ನು ಕೂಗಿದರು.

“ಅರಕಲಗೂಡಿನವರಿಗೆ ಬರೋದು ಬೇಡ ಅಂತ ಹೇಳಿಸು.”

“ಅಯ್ಯೋ ರಾಮ! ಏನು ಕಾರಣ ಅಂತ ಹೇಳಿಸ್ಲಿ?”

“ಹುಡುಗಿಗೆ ಬಿಡುವಿಲ್ಲ ಅಂತ ಹೇಳಿಸು.”

ಅಜ್ಜಿ ಅತ್ತರು, ಎರಡು ದಿನ ತಾತನ ತಟ್ಟೆಗೆ ಮಾತಿಲ್ಲದೆ ಬಡಿಸಿದರು. ಮೂರನೆಯ ದಿನ ಅತ್ತೆಯ ಕುರ್ಚಿಗೆ ಒಂದು ಮೆತ್ತೆ ಹೊಲಿದು ಹಾಕಿದರು, ಅದೂ ಬಯ್ದುಕೊಂಡೇ. ಮೊದಮೊದಲು ಬಂದವರಲ್ಲಿ ಕೆಲವರು ಹೆಂಗಸನ್ನು ಕಂಡು ಚಪ್ಪಲಿ ಮೆಟ್ಟಿಕೊಂಡು ಹೊರಟರು. ಅತ್ತೆ ಜಗ್ಗಲಿಲ್ಲ. ಹೋಗುವವರನ್ನು ಕರೆಯಲಿಲ್ಲ, ಕೂತವರಿಗೆ ಒಂದಕ್ಷರ ತಿದ್ದಲಿಲ್ಲ. ವರ್ಷ ತಿರುಗುವುದರೊಳಗೆ ಜಗಲಿ ತುಂಬಿತು, ಬಾಗೂರಿನವರೂ ವಾಪಸ್ಸು ಬಂದರು. ನಮ್ಮ ಆಟ ಮಾತ್ರ ಅಲ್ಲಿಗೇ ನಿಂತಿತು. ಕಂಪ್ಯೂಟರಿಗೆ ಬಿಡುವಿದ್ದರೆ ತಾನೆ ಆಟ? ನಮ್ಮ ಅಪಶಕುನದವಳು ಗೋಪುರದ ಮುಂದೆ ನಿಂತೇ ಇದ್ದಳು. ಆ ಯಂತ್ರ ಹಳತಾಗಿ ಹಾಸನದ ಗುಜರಿಗೆ ಹೋದಾಗ ಅವಳೂ ಅದರ ಜೊತೆ ಹೋದಳು. ನಾನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅಂದಿನಿಂದ ಇಂದಿನವರೆಗೂ ಯಾರಾದರೂ ನನಗೆ ಅದೋ ಇದೋ, ಎರಡರಲ್ಲಿ ಒಂದು ಆರಿಸು ಎಂದರೆ ನಾನು ಮೊದಲು ಮೂರನೆಯ ಬಾಗಿಲು ಎಲ್ಲಿ ಎಂದು ಗೋಡೆ ತಡಕುತ್ತೇನೆ. ಹಾಸನದ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳುವವಳು ಭಾನುವಾರ ಜಾತಕದ ಮನೆಗೆ ಯಾಕೆ ಹೋಗುತ್ತಾಳೆ ಎಂದು ಜೊತೆಯವರು ಕುಟುಕಿದರೂ ಅಷ್ಟೇ. ನನ್ನನ್ನು ಹೀಗೆ ಮಾಡಿದ್ದು ಆ ಕೋಣೆ.

ಹೋದ ತಿಂಗಳು ಆ ಆಟ ಮತ್ತೆ ಸಿಕ್ಕಿತು. ಹಳೆಯ ಆಟಗಳನ್ನು ಈಗಿನ ಯಂತ್ರಕ್ಕೆ ಹೊಂದಿಸಿ ಮಾರುವವರಿದ್ದಾರೆ. ಲ್ಯಾಪ್‌ಟಾಪಿಗೆ ಹಾಕಿಕೊಂಡು ಭಾನುವಾರ ಹೊಳೆನರಸೀಪುರಕ್ಕೆ ಹೋದೆ. ತಾತ ಇಲ್ಲ, ಅಜ್ಜಿ ಇಲ್ಲ. ಅತ್ತೆಯ ತಲೆ ಪೂರ್ತಿ ಬೆಳ್ಳಗಾಗಿದೆ, ಜಗಲಿ ಇನ್ನೂ ತುಂಬುತ್ತದೆ. ಕೊನೆಯವರನ್ನು ಕಳಿಸಿ ಒಳಗೆ ಬಂದವಳು ತೆರೆಯನ್ನು ನೋಡಿದಳು. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದಳು. ಆ ತಕ್ಕಡಿ ಮುಳ್ಳು ಕಂಡ ಕೂಡಲೇ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟಳು.

“ಎಲ್ಲಿತ್ತೇ ಇದು ಇಷ್ಟು ವರ್ಷ? ಆ ಮೂರನೇ ಬಾಗಿಲು ಸಿಕ್ತಾ?”

“ನಾನು ಹುಡುಕಿಲ್ಲ ಅತ್ತೆ. ಇಂಟರ್ನೆಟ್‌ನಲ್ಲಿ ಬರೆದಿರ್ತಾರೆ, ಇದೆಯೋ ಇಲ್ವೋ ಅಂತ. ನೋಡ್ಲಾ?”

“ನೋಡಿದ್ರೆ ಕೈ ಮುರೀತೀನಿ. ಸರ್ಕೋ ಆ ಕಡೆ.”

ಹುಟ್ಟುಗಳ ಪಟ್ಟಿ ಬಂತು. ಈ ಸಲವಾದರೂ ಒಳ್ಳೆಯದು ಯಾವುದಾದರೂ ತಗೋ ಎಂದೆ. ಅವಳು ನನ್ನ ಮಾತು ಕೇಳಿಸಿಕೊಳ್ಳಲೇ ಇಲ್ಲ, ಬಾಣವನ್ನು ನೆಟ್ಟಗೆ ಅಪಶಕುನದ ಹುಟ್ಟಿನ ಮೇಲೆ ತಂದು ನಿಲ್ಲಿಸಿದಳು. ಅಷ್ಟರಲ್ಲಿ ನನ್ನ ಕಣ್ಣು ಗೋಡೆಯ ಗಡಿಯಾರಕ್ಕೆ ಹೋಯಿತು. ಐದಕ್ಕೆ ಹತ್ತು ನಿಮಿಷ.

“ಅತ್ತೆ, ರಾಹುಕಾಲ. ಮೊದಲಿಂದ ಶುರು ಮಾಡಬೇಕಲ್ಲ, ಆರು ಗಂಟೆ ಆಗಲಿ.”

ಗಿರಿಜತ್ತೆ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದಳು.

“ಶುರು ಮಾಡ್ತಿರೋರು ಯಾರೇ? ಅವತ್ತಿಂದ ನಡೀತಾನೇ ಇದೆಯಲ್ಲ,” ಎಂದವಳೇ ಒತ್ತಿಬಿಟ್ಟಳು.